ಕ್ರೋಧದ ಬೇರು: ಬರ್ಕ್ ಮತ್ತು ಪೇನರ ಎರಡು ಗ್ರಂಥಗಳ ವಿಮರ್ಶೆ

ರಾಜ್ಯವಿಚಾರದಲ್ಲಿ ಸಂಪ್ರದಾಯಪಕ್ಷದವರಿಗೂ ಉದಾರಪಕ್ಷದವರಿಗೂ ನಡೆಯುವ ವಾದವು ಬಹುಬೇಗ ಕೋಪಕ್ಕೆ ತಿರುಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಲೆಕ್ಕದಲ್ಲಿ ಇಬ್ಬರಿಗೆ ಬೇರೆ ಬೇರೆ ಉತ್ತರ ಬಂದರೆ ಅವರು ಮತ್ತೊಮ್ಮೆ ಲೆಕ್ಕವನ್ನು ಹಾಕಿ ನೋಡುತ್ತಾರೆ. ರಾಜ್ಯವಿಚಾರದಲ್ಲಾದರೋ ಒಂದೇ ಪಂಕ್ತಿಯಲ್ಲಿ ಉಂಡ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ತಂದೆಮಕ್ಕಳು ಮುಖ ತಿರುಗಿಸುತ್ತಾರೆ. ಇದಕ್ಕೆ ಕಾರಣವೇನೆಂದು ಕೇಳಿದರೆ ಪ್ರತಿಯೊಂದು ಪಕ್ಷದವರೂ ಎದುರುಪಕ್ಷದವರ ಅಜ್ಞಾನ, ಸ್ವಾರ್ಥ, ದುರಾಗ್ರಹಗಳನ್ನು ತೋರಿಸುತ್ತಾರೆ. ಈ ಉತ್ತರವು ಸುಲಭವಾದುದು, ಆದರೆ ಸಾಲದು. ಈ ಕಲಹದ ಮೂಲಗ್ರಂಥಗಳೆಂದು ಹೇಳಬಹುದಾದ ಎರಡು ಇಂಗ್ಲಿಷ್ ಪುಸ್ತಕಗಳುಂಟು. ಅವನ್ನು ಒಟ್ಟಿಗಿಟ್ಟುಕೊಂಡು, ನಮ್ಮ ಆಲಂಕಾರಿಕರು ಕಲಿಸಿದ ಕಣ್ಣಿನಿಂದ ಓದಿದರೆ ಬೇರೊಂದು ಕಾರಣವು ಗೋಚರಿಸುವುದೆಂದು ನನ್ನ ಅಭಿಪ್ರಾಯ.

ಮೊದಲನೆಯದು ಎಡ್ಮಂಡ್ ಬರ್ಕನು 1790ರ ನವೆಂಬರಿನಲ್ಲಿ ಪ್ರಕಟಿಸಿದ ‘ರಿಫ್ಲೆಕ್ಷನ್ಸ್ ಆನ್ ದಿ ರೆವಲ್ಯೂಷನ್ ಇನ್ ಫ್ರಾನ್ಸ್’. ಎರಡನೆಯದು ಅದಕ್ಕೆ ಉತ್ತರವಾಗಿ ಥಾಮಸ್ ಪೇನನು ಬರೆದ ‘ರೈಟ್ಸ್ ಆಫ್ ಮ್ಯಾನ್’. ಇದರ ಮೊದಲ ಭಾಗವು 1791ರಲ್ಲಿಯೂ ಎರಡನೆಯ ಭಾಗವು 1792ರಲ್ಲಿಯೂ ಹೊರಬಂದವು. ಸಂಪ್ರದಾಯಪಕ್ಷ, ಉದಾರಪಕ್ಷಗಳೆಂಬ ಹೆಸರುಗಳು ಇಂಗ್ಲೆಂಡಿನಲ್ಲಿ ಪಕ್ಷನಾಮಗಳಾಗಿ ನೆಲೆಗೊಂಡದ್ದು ಆಮೇಲಿನ ಶತಮಾನದಲ್ಲಿ. ಬರ್ಕನು ತನ್ನನ್ನು ವ್ಹಿಗ್ ಪಕ್ಷದವನೆಂದೇ ಕಡೆಯವರೆಗೂ ಎಣಿಸಿಕೊಂಡಿದ್ದನು. ಆದರೂ ಒಂದು ಪಕ್ಷದವರು ಬರ್ಕನನ್ನೂ ಇನ್ನೊಂದು ಪಕ್ಷದವರು ಪೇನನನ್ನೂ ತಮ್ಮ ಕುಲಗುರುವಿನಂತೆ ಭಾವಿಸುತ್ತ ಬಂದಿದ್ದಾರೆ.

ಇವರಿಬ್ಬರೂ ಹುಟ್ಟುವೈರಿಗಳಲ್ಲವೆಂಬುದನ್ನು ಮೊದಲು ನೆನೆಯಬೇಕು. ಅಮೆರಿಕೆಯ ವಸಾಹತುಗಳ ವಿಷಯದಲ್ಲಿ ಇಬ್ಬರೂ ಒಂದೇ ಕಡೆ ನಿಂತಿದ್ದರು. ಬರ್ಕನು 1775ರಲ್ಲಿ ಪಾರ್ಲಿಮೆಂಟಿನಲ್ಲಿ ಅವರೊಡನೆ ಸಂಧಿಯನ್ನು ಮಾಡಿಕೊಳ್ಳಬೇಕೆಂದು ವಾದಿಸಿದನು. ಪೇನನು 1776ರಲ್ಲಿ ‘ಕಾಮನ್ ಸೆನ್ಸ್’ ಎಂಬ ಸಣ್ಣ ಪುಸ್ತಕವನ್ನು ಬರೆದು ಸ್ವಾತಂತ್ರ್ಯವೇ ದಾರಿಯೆಂದು ಸಾರಿದನು. ಮುಂದೆ ಪೇನನು ತಾನು ಕಲ್ಪಿಸಿದ ಕಬ್ಬಿಣದ ಸೇತುವೆಯ ಕೆಲಸಕ್ಕಾಗಿ ಇಂಗ್ಲೆಂಡಿಗೆ ಬಂದಾಗ, 1788ರಲ್ಲಿ, ಬರ್ಕನ ಅತಿಥಿಯಾಗಿದ್ದನು. 1790ರ ಆರಂಭದಲ್ಲಿ ಪ್ಯಾರಿಸಿನಿಂದ ಬರ್ಕನಿಗೆ ಕಾಗದ ಬರೆದು ಅಲ್ಲಿಯ ಕ್ರಾಂತಿಯ ವಾರ್ತೆಯನ್ನು ಉತ್ಸಾಹದಿಂದ ತಿಳಿಸಿದನು. ಅದೇ ವರ್ಷ ಮುಗಿಯುವುದರೊಳಗೆ ಈ ಮೈತ್ರಿಯು ಬೂದಿಯಾಯಿತು.

ಬರ್ಕನ ಗ್ರಂಥವನ್ನು ತೆಗೆದುಕೊಳ್ಳೋಣ. ಅದು ಪ್ಯಾರಿಸಿನ ಒಬ್ಬ ತರುಣನಿಗೆ ಬರೆದ ಪತ್ರದ ರೂಪದಲ್ಲಿದೆ. ಅಧ್ಯಾಯವಿಭಾಗವಿಲ್ಲ, ದೀರ್ಘವಾಕ್ಯಗಳು ಒಂದರ ಬೆನ್ನ ಹಿಂದೆ ಒಂದಾಗಿ ತುಂಬುಹೊಳೆಯಂತೆ ಬರುತ್ತವೆ. ರಾಜ್ಯವ್ಯವಸ್ಥೆಯು ಹಿರಿಯರಿಂದ ಬಂದ ಆಸ್ತಿಯಂತೆ. ಅದು ಸತ್ತವರು, ಬದುಕಿರುವವರು, ಇನ್ನು ಹುಟ್ಟಬೇಕಾದವರು ಈ ಮೂವರಿಗೂ ಸೇರಿದುದು. ಒಂದು ತಲೆಮಾರಿನವರು ತಮ್ಮ ಬುದ್ಧಿಯೊಂದನ್ನೇ ನಂಬಿ ಅದನ್ನು ಕೆಡವಲಾಗದು ಎಂಬುದು ಅವನ ಸಿದ್ಧಾಂತ. ಆದರೆ ಗ್ರಂಥದ ಉಸಿರು ಈ ಸಿದ್ಧಾಂತದಲ್ಲಿಲ್ಲ. 1789ರ ಅಕ್ಟೋಬರ್ 6ರಂದು ಜನರ ಗುಂಪು ವರ್ಸೈ ಅರಮನೆಯಿಂದ ರಾಜನನ್ನೂ ರಾಣಿಯನ್ನೂ ಪ್ಯಾರಿಸಿಗೆ ಎಳೆತಂದಿತು. ಹದಿನಾರು ಹದಿನೇಳು ವರ್ಷಗಳ ಹಿಂದೆ ಆ ರಾಣಿಯನ್ನು ಯುವರಾಜನ ಪತ್ನಿಯಾಗಿ ವೈಭವದಲ್ಲಿ ಕಂಡಿದ್ದ ಬರ್ಕನು ಈಗಿನ ಅವಳ ದುರ್ದಶೆಯನ್ನು ವರ್ಣಿಸುವ ಪುಟಗಳೇ ಗ್ರಂಥದ ಹೃದಯ. ಲಂಡನ್ನಿನಲ್ಲಿ ರಿಚರ್ಡ್ ಪ್ರೈಸ್ ಎಂಬ ಪಾದ್ರಿಯು ಆ ವರ್ಷದ ನವೆಂಬರ್ 4ರಂದು ಮಾಡಿದ ಉಪದೇಶದಲ್ಲಿ ಕ್ರಾಂತಿಯನ್ನು ಕೊಂಡಾಡಿದ್ದನು. ಘಟನೆಗಿಂತಲೂ ಹೆಚ್ಚಾಗಿ ಘಟನೆಯನ್ನು ಕಂಡು ಹರ್ಷಿಸಿದವರ ಮೇಲೆ ಬರ್ಕನಿಗೆ ಕೋಪ ಬಂದಿತು. ಒಬ್ಬರ ಮನೆಯ ಅಳುವಿನಲ್ಲಿ ಇನ್ನೊಬ್ಬರು ಹಬ್ಬವನ್ನು ಮಾಡಿದರೆಂಬ ಭಾವವು ಅವನನ್ನು ಸುಟ್ಟಿತು.

ಪೇನನ ರೀತಿಯು ಇದಕ್ಕೆ ಪ್ರತಿಯಾದುದು. ಅವನು ಥೆಟ್‌ಫರ್ಡಿನ ಒಬ್ಬ ಕುಪ್ಪಸ ಕಟ್ಟುವವನ ಮಗ. ಸುಂಕದ ಇಲಾಖೆಯಲ್ಲಿ ಸಣ್ಣ ಕೆಲಸದಲ್ಲಿದ್ದು ಅದನ್ನೂ ಕಳೆದುಕೊಂಡವನು. ಅವನ ವಾಕ್ಯಗಳು ಗಿಡ್ಡವಾಗಿ, ಗಟ್ಟಿಯಾಗಿ, ಅಂಗಡಿಯ ಲೆಕ್ಕದಷ್ಟು ಸ್ಪಷ್ಟವಾಗಿರುತ್ತವೆ. ಓದು ಬಲ್ಲ ಕಮ್ಮಾರನಿಗೂ ನೇಕಾರನಿಗೂ ತಿಳಿಯಬೇಕೆಂಬುದೇ ಅವನ ಗುರಿ. ಸತ್ತವರು ಬದುಕಿರುವವರನ್ನು ಆಳಲಾಗದು, ಪ್ರತಿಯೊಂದು ತಲೆಮಾರಿಗೂ ತನ್ನ ಹಕ್ಕು ತನ್ನದು ಎಂಬುದು ಅವನ ಪ್ರತಿಜ್ಞೆ. ಆದರೆ ಇಲ್ಲಿಯೂ ಉಸಿರು ಬೇರೆ ಕಡೆ ಇದೆ. ಬರ್ಕನ ಅಷ್ಟು ದೊಡ್ಡ ಗ್ರಂಥದಲ್ಲಿ ಬಾಸ್ಟೀಲ್ ಸೆರೆಮನೆಯಲ್ಲಿ ಕೊಳೆತವರಿಗಾಗಿ ಒಂದು ಮರುಕದ ಮಾತಿಲ್ಲವೆಂದು ಅವನು ಎತ್ತಿ ತೋರಿಸುವಲ್ಲಿ ಆ ಉಸಿರು ಬಿಸಿಯಾಗುತ್ತದೆ. ಆ ಸೆರೆಮನೆಯ ಬೀಗದ ಕೈಯನ್ನು ವಾಷಿಂಗ್‌ಟನ್ನನಿಗೆ ತಲುಪಿಸುವಂತೆ ಲಫಾಯೆತ್ತನು ಒಪ್ಪಿಸಿದ್ದು ಪೇನನ ಕೈಗೇ. ಎರಡನೆಯ ಭಾಗದಲ್ಲಿ ಅವನು ಬಡವರಿಗಾಗಿ ಲೆಕ್ಕ ಹಾಕುತ್ತಾನೆ: ಐವತ್ತು ವರ್ಷ ದಾಟಿದ ಬಡವರಿಗೆ ವರ್ಷಕ್ಕೆ 6 ಪೌಂಡು, ಅರವತ್ತು ದಾಟಿದವರಿಗೆ 10 ಪೌಂಡು, ಹದಿನಾಲ್ಕರೊಳಗಿನ ಬಡಮಕ್ಕಳಿಗೆ ತಲಾ 4 ಪೌಂಡು. ಇದು ಭಿಕ್ಷೆಯಲ್ಲ, ಅವರ ಹಕ್ಕು ಎಂದು ಸೇರಿಸುತ್ತಾನೆ. ವೃದ್ಧಾಪ್ಯ ವೇತನವೆಂಬುದು ಇಂಗ್ಲೆಂಡಿನ ಶಾಸನಕ್ಕೆ ಬರುವುದಕ್ಕೆ 1908ರವರೆಗೆ ಕಾಯಬೇಕಾಯಿತೆಂಬುದನ್ನು ನೆನೆದರೆ ಅವನ ಕೋಪದೊಳಗೆ ಎಂತಹ ಕಳಕಳಿ ಇದ್ದಿತೆಂಬುದು ತಿಳಿಯುತ್ತದೆ.

ಈಗ ಶಾಸ್ತ್ರದ ಕಡೆಗೆ ತಿರುಗೋಣ. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರೌದ್ರರಸಕ್ಕೆ ವಿಭಾವಗಳಾವುವೆಂದು ಹೇಳುತ್ತಾನೆ. ಅಲ್ಲಿ ಬಲಾತ್ಕಾರವಿದೆ, ಅಧಿಕ್ಷೇಪವಿದೆ, ಸುಳ್ಳುಮಾತಿದೆ, ವಾಕ್ಪಾರುಷ್ಯವಿದೆ, ದ್ರೋಹವಿದೆ, ಮಾತ್ಸರ್ಯವಿದೆ. ಮತಭೇದವೆಂಬುದು ಆ ಪಟ್ಟಿಯಲ್ಲಿ ಇಲ್ಲ. ಅಭಿಪ್ರಾಯಗಳು ಬೇರೆಯಾದ ಮಾತ್ರದಿಂದಲೇ ಕ್ರೋಧ ಹುಟ್ಟುವುದೆಂದು ಮುನಿಯು ಎಣಿಸಲಿಲ್ಲ. ಕರುಣರಸದ ವಿಭಾವಗಳನ್ನು ಹೇಳುವಾಗ ಇಷ್ಟಜನರ ಅಗಲಿಕೆ, ವಿಭವನಾಶ, ವಧೆ, ಬಂಧನ ಮೊದಲಾದುವನ್ನು ಎಣಿಸುತ್ತಾನೆ. ನಮ್ಮ ಎರಡು ಗ್ರಂಥಗಳನ್ನು ಈ ಪಟ್ಟಿಯ ಮುಂದೆ ಹಿಡಿದು ನೋಡಿರಿ. ಬರ್ಕನು ವಿಭವನಾಶವನ್ನು ಕಂಡು ಅತ್ತನು. ಪೇನನು ಬಂಧನವನ್ನು ಕಂಡು ಅತ್ತನು. ಇಬ್ಬರದೂ ಒಂದೇ ರಸ. ಒಬ್ಬೊಬ್ಬನೂ ಒಂದೊಂದು ವಿಭಾವವನ್ನು ಹಿಡಿದನು, ಮತ್ತೊಂದನ್ನು ಕಾಣದೆ ಹೋದನು.

ರೌದ್ರದಿಂದ ಕರುಣವು ಹುಟ್ಟುತ್ತದೆಂದು ಭರತನು ಹೇಳಿದ್ದಾನೆ. ಕರುಣದಿಂದ ರೌದ್ರವು ಹುಟ್ಟುವುದಕ್ಕೂ ನಮ್ಮಲ್ಲಿ ಪ್ರಸಿದ್ಧವಾದ ದೃಷ್ಟಾಂತವಿದೆ. ಕ್ರೌಂಚಪಕ್ಷಿಯು ಬೇಡನ ಬಾಣಕ್ಕೆ ಬಿದ್ದುದನ್ನು ಕಂಡ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂದು ಎಲ್ಲರೂ ಹೇಳುತ್ತೇವೆ. ಆ ಶ್ಲೋಕವು ಬೇಡನಿಗೆ ಕೊಟ್ಟ ಶಾಪವೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಹಕ್ಕಿಯ ಮೇಲಣ ಮರುಕವೂ ಬೇಡನ ಮೇಲಣ ಕೋಪವೂ ಒಂದೇ ಉಸಿರಿನಲ್ಲಿ ಹೊರಟವು. ರಾಜಕೀಯ ಕ್ರೋಧದ ಬೇರು ಇಲ್ಲಿಯೇ ಇದೆಯೆಂದು ನಾನು ತಿಳಿಯುತ್ತೇನೆ. ಅದರ ಕೆಳಗೆ ಬಹುಮಟ್ಟಿಗೆ ಕರುಣೆಯಿರುತ್ತದೆ. ಆದರೆ ಅದು ಒಂದು ಹಕ್ಕಿಯನ್ನು ಮಾತ್ರ ಕಂಡ ಕರುಣೆ. ಎದುರಿನವನು ಆ ಹಕ್ಕಿಯನ್ನು ನೋಡದೆ ಬೇರೊಂದರ ಕಡೆಗೆ ನೋಡುತ್ತಿದ್ದರೆ, ಅವನೇ ಬೇಡನೆಂದು ತೋರುತ್ತದೆ.

ಬರ್ಕನ ಮಾತು ಸಿರಿವಂತರ ಪಕ್ಷಪಾತವಲ್ಲವೇ ಎಂದು ಕೆಲವರು ಕೇಳಬಹುದು. 1790ರಲ್ಲಿಯೇ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಎಂಬ ವಿದುಷಿಯು, ಬರ್ಕನ ಗ್ರಂಥವು ಹೊರಬಂದ ತಿಂಗಳೊಳಗಾಗಿ, ಅದನ್ನು ಖಂಡಿಸಿ ಪುಸ್ತಕ ಬರೆದು ಈ ಆಕ್ಷೇಪವನ್ನು ತೀಕ್ಷ್ಣವಾಗಿ ಎತ್ತಿದಳು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಸಮಾಧಾನಕ್ಕಾಗಿ ನಾವು ನಮ್ಮ ನಾಡಿನ ಸಂಬಂಧವಾದ ಒಂದು ಭಾಷಣವನ್ನು ನೋಡಬೇಕು. 1785ರ ಫೆಬ್ರವರಿಯಲ್ಲಿ ಬರ್ಕನು ಆರ್ಕಾಟಿನ ನವಾಬನ ಸಾಲಗಳ ವಿಷಯವಾಗಿ ಪಾರ್ಲಿಮೆಂಟಿನಲ್ಲಿ ಮಾತನಾಡಿದನು. 1780ರಲ್ಲಿ ಮೈಸೂರಿನ ಹೈದರಾಲಿಯು ಘಟ್ಟವನ್ನಿಳಿದು ಕರ್ನಾಟಿಕ್ ಸೀಮೆಯನ್ನು ಸುಟ್ಟ ವರ್ಣನೆ ಅದರಲ್ಲಿದೆ. ಆ ಭಾಷಣದಲ್ಲಿ ಅವನ ಕೋಪವು ಹೈದರನಿಗಿಂತ ಹೆಚ್ಚಾಗಿ ನವಾಬನಿಗೆ ಸಾಲ ಕೊಟ್ಟು ರೈತರ ರಕ್ತವನ್ನು ಹೀರಿದ ಕಂಪೆನಿಯ ನೌಕರರ ಮೇಲೆ ತಿರುಗುತ್ತದೆ. ತಾನು ಎಂದೂ ಕಾಣದ ನಾಡಿನ ರೈತರಿಗಾಗಿ, ಹಾಳಾದ ಕೆರೆಗಳಿಗಾಗಿ ಅವನು ಮರುಗಿದನು. ವಾರನ್ ಹೇಸ್ಟಿಂಗ್ಸನ ಮೇಲಣ ವಿಚಾರಣೆಯನ್ನು 1788ರಿಂದ 1795ರವರೆಗೆ ಹಿಡಿದು ನಡೆಸಿದವನೂ ಅವನೇ; ಕಡೆಗೆ ಹೇಸ್ಟಿಂಗ್ಸನು ಬಿಡುಗಡೆ ಹೊಂದಿದನು. ನೆಲೆಗೊಂಡ ಬಾಳನ್ನು ಅಹಂಕಾರಿಗಳಾದವರು ಒಡೆಯುತ್ತಿದ್ದಾರೆಂಬ ಭಾವವೇ ಆರ್ಕಾಟಿನ ವಿಷಯದಲ್ಲಿಯೂ ಫ್ರಾನ್ಸಿನ ವಿಷಯದಲ್ಲಿಯೂ ಅವನ ಬಾಯಲ್ಲಿ ಬೆಂಕಿಯಾಯಿತು. ಮೊದಲನೆಯದಕ್ಕಾಗಿ ಉದಾರಿಯೆನಿಸಿದವನು ಎರಡನೆಯದಕ್ಕಾಗಿ ಸಂಪ್ರದಾಯವಾದಿಯೆನಿಸಿದನು.

ಪೇನನ ವಿಷಯದಲ್ಲಿಯೂ ಇಂತಹ ಸಾಕ್ಷ್ಯವಿದೆ. ಅವನು ಫ್ರಾನ್ಸಿನ ರಾಷ್ಟ್ರಸಭೆಯ ಸದಸ್ಯನಾಗಿದ್ದಾಗ, 1793ರ ಜನವರಿಯಲ್ಲಿ, ಹದಿನಾರನೆಯ ಲೂಯಿಯನ್ನು ಕೊಲ್ಲಬಾರದು, ಅಮೆರಿಕೆಗೆ ಗಡಿಪಾರು ಮಾಡಬೇಕೆಂದು ವಾದಿಸಿದನು. ರಾಜತ್ವವನ್ನು ಅಷ್ಟು ದ್ವೇಷಿಸಿದವನು ರಾಜನ ಪ್ರಾಣಕ್ಕಾಗಿ ಬೇಡಿಕೊಂಡನು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ರಾಂತಿಕಾರರು ಅವನನ್ನೇ ಸೆರೆಗೆ ಹಾಕಿದರು; 1794ರ ನವೆಂಬರಿನವರೆಗೆ ಅವನು ಅಲ್ಲಿದ್ದನು.

ಹೀಗೆ ಇಬ್ಬರ ನಡತೆಯೂ ಅವರವರ ಗ್ರಂಥಗಳಿಗಿಂತ ವಿಶಾಲವಾಗಿದ್ದಿತು. ದೋಷವು ಗ್ರಂಥಗಳಲ್ಲಿದೆ, ಮತ್ತು ಅದು ಗುಣದೊಡನೆ ಹೆಣೆದುಕೊಂಡ ದೋಷ. ಬರ್ಕನು ಒಂದು ಕಡೆ ಜನಸಾಮಾನ್ಯರ ಗುಂಪನ್ನು ಹಂದಿಗಳಿಗೆ ಹೋಲಿಸಿದನು. ಅದೊಂದು ಮಾತು ಅವನ ಎಲ್ಲ ಯುಕ್ತಿಗಳಿಗಿಂತ ದೂರ ಹೋಯಿತು. ಎದುರುಪಕ್ಷದವರು ಹಂದಿಗಳ ಹೆಸರಿನಲ್ಲಿಯೇ ಪತ್ರಿಕೆಗಳನ್ನು ಹೊರಡಿಸಿ ಆ ಅವಮಾನವನ್ನು ಧ್ವಜದಂತೆ ಎತ್ತಿ ಹಿಡಿದರು. ಪೇನನಾದರೋ ಬರ್ಕನ ಕಣ್ಣೀರು ಕೇವಲ ನಾಟಕವೆಂದು ಹಳಿದನು. ಒಬ್ಬ ಪ್ರಾಮಾಣಿಕನ ದುಃಖವನ್ನು ವೇಷವೆನ್ನುವುದಕ್ಕಿಂತ ದೊಡ್ಡ ಅಧಿಕ್ಷೇಪವಾವುದು? ಭರತನ ಪಟ್ಟಿಯ ಅಧಿಕ್ಷೇಪವೂ ವಾಕ್ಪಾರುಷ್ಯವೂ ಹೀಗೆ ಎರಡು ಕಡೆಯಿಂದಲೂ ಪ್ರವೇಶಿಸಿದವು. ಮರುಕವು ಕೋಪಕ್ಕೆ ಬೀಜವಾದರೆ ಅವಮಾನವು ಅದಕ್ಕೆ ನೀರೆರೆಯಿತು.

ಇದರ ಫಲವು ಪುಸ್ತಕಗಳಲ್ಲಿಯೇ ನಿಲ್ಲಲಿಲ್ಲ. 1791ರ ಮೇ 6ರಂದು ಪಾರ್ಲಿಮೆಂಟಿನಲ್ಲಿ ಬರ್ಕನು ಇಪ್ಪತ್ತು ವರ್ಷಕ್ಕೆ ಮಿಕ್ಕಿದ ತನ್ನ ಸ್ನೇಹಿತ ಚಾರ್ಲ್ಸ್ ಫಾಕ್ಸನೊಡನೆ ಮೈತ್ರಿಯು ಮುಗಿಯಿತೆಂದು ಸಾರಿದನು. ಫಾಕ್ಸನು ಸಭೆಯಲ್ಲಿಯೇ ಅತ್ತನು. ಆ ಜುಲೈ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಧರ್ಮ ಮತ್ತು ರಾಜನ ಹೆಸರನ್ನು ಕೂಗುತ್ತ ಬಂದ ಗುಂಪು, ಆಮ್ಲಜನಕವನ್ನು ಪರಿಶೋಧಿಸಿದ ಜೋಸೆಫ್ ಪ್ರೀಸ್ಟ್ಲಿಯ ಮನೆಯನ್ನೂ ಪುಸ್ತಕಗಳನ್ನೂ ಪ್ರಯೋಗಶಾಲೆಯನ್ನೂ ನಾಶಮಾಡಿತು. 1797ರಲ್ಲಿ ಬರ್ಕನು ಮರಣಶಯ್ಯೆಯಲ್ಲಿದ್ದಾಗ ಫಾಕ್ಸನು ನೋಡಲು ಅಪೇಕ್ಷಿಸಿದನು, ಬರ್ಕನು ಒಪ್ಪಲಿಲ್ಲ. 1809ರಲ್ಲಿ ನ್ಯೂಯಾರ್ಕಿನಲ್ಲಿ ಪೇನನು ಸತ್ತಾಗ ಶವದ ಹಿಂದೆ ನಡೆದವರು ಬೆರಳಿನಲ್ಲಿ ಎಣಿಸುವಷ್ಟು ಜನ.

ಕೋಪವನ್ನೇ ಬಿಡಿರೆಂದು ಹೇಳುವುದು ನನ್ನ ಉದ್ದೇಶವಲ್ಲ. ಆರ್ಕಾಟಿನ ರೈತರನ್ನು ಕುರಿತು ಕೋಪವಿಲ್ಲದೆ ಮಾತನಾಡಬಲ್ಲವನು ಮರುಕವಿಲ್ಲದವನೇ ಸರಿ. ವಾಲ್ಮೀಕಿಯ ಕಥೆಯ ಉತ್ತರಾರ್ಧವನ್ನು ಮರೆಯಬಾರದೆಂಬುದಷ್ಟೇ ನನ್ನ ವಿನಂತಿ. ಶಪಿಸಿದ ಮರುಕ್ಷಣದಲ್ಲಿಯೇ ಮುನಿಯು ತಾನು ಆಡಿದ್ದೇನೆಂದು ಚಿಂತಿಸಿದನು. ಆ ಚಿಂತೆಯಿಂದಲೇ ರಾಮಾಯಣಕ್ಕೆ ದಾರಿಯಾಯಿತು. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು ಮೊದಲು ಪೂರ್ಣವಾಗಿ ನಿರೂಪಿಸಿ ಆಮೇಲೆ ಸಿದ್ಧಾಂತವನ್ನು ಹೇಳುವ ಪದ್ಧತಿಯನ್ನಿಟ್ಟುದು ಈ ಮರುಕ್ಷಣವನ್ನು ನಿಯಮವಾಗಿ ಮಾಡುವುದಕ್ಕಾಗಿಯೇ ಎನ್ನಬಹುದು. ಅವರೂ ಕಟುವಾಗಿ ಖಂಡಿಸಿದ್ದುಂಟು, ಜಲ್ಪ ವಿತಂಡೆಗಳಿಗೆ ಇಳಿದದ್ದೂ ಉಂಟು. ಆದರೂ ಪದ್ಧತಿಯು ಒಳ್ಳೆಯದು. ರಾಜ್ಯವಿಚಾರದಲ್ಲಿ ಎದುರಾಳಿಯ ಯುಕ್ತಿಯನ್ನು ನಿರೂಪಿಸಿದರೆ ಸಾಲದು. ಅವನು ಯಾರಿಗಾಗಿ ಮರುಗುತ್ತಿದ್ದಾನೆಂಬುದನ್ನೂ, ಅವನು ಕೇಳಿ ಹೌದೆನ್ನುವಂತೆ, ಹೇಳಲು ಬರಬೇಕು.

ಇಂಗ್ಲಿಷ್ ಬಲ್ಲ ವಾಚಕರು ಈ ಎರಡು ಗ್ರಂಥಗಳನ್ನೂ ಓದಬೇಕೆಂದು ಪ್ರಾರ್ಥಿಸುತ್ತೇನೆ. ಬರ್ಕನನ್ನು ಮೆಚ್ಚುವವರು ಪೇನನ ಎರಡನೆಯ ಭಾಗದಿಂದಲೂ, ಪೇನನನ್ನು ಮೆಚ್ಚುವವರು ಬರ್ಕನ ಆರ್ಕಾಟಿನ ಭಾಷಣದಿಂದಲೂ ಆರಂಭಿಸುವುದು ಮೇಲು. ಮನೆಯಲ್ಲಿ ಇಬ್ಬರು ಭಿನ್ನಪಕ್ಷದವರಿದ್ದರೆ ಒಬ್ಬರು ಓದಿ ಇನ್ನೊಬ್ಬರು ಕೇಳಲಿ. ಚರ್ಚೆಯನ್ನು ಪುಸ್ತಕ ಮುಗಿದ ಮೇಲೆ ಇಟ್ಟುಕೊಳ್ಳಬಹುದು.