ಮೇರಿ ಜೇನ್‌ಗೂ ಒಂದು ಮನಸ್ಸಿದೆ

ಪೀಟರ್ ಪಾರ್ಕರ್‌ನನ್ನು, ಅಂದರೆ ಸ್ಪೈಡರ್‌ಮ್ಯಾನ್‌ನನ್ನು, ಸಾಕಿ ಬೆಳೆಸಿದ ದೊಡ್ಡಮ್ಮ ಮೇ ಗುಂಡೇಟು ತಿಂದು ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಬದುಕುವ ಭರವಸೆ ಇಲ್ಲ. ಆಗ ಮೆಫಿಸ್ಟೊ ಎಂಬ ಸೈತಾನ ಬಂದು ಒಂದು ಕರಾರು ಮುಂದಿಡುತ್ತಾನೆ: ಮುದುಕಿಯ ಜೀವ ಉಳಿಸುತ್ತೇನೆ, ಬದಲಿಗೆ ನೀನೂ ಮೇರಿ ಜೇನ್ ವಾಟ್ಸನ್‌ಳೂ ನಿಮ್ಮ ಮದುವೆಯನ್ನು ನನಗೆ ಒಪ್ಪಿಸಬೇಕು, ಅದು ನಡೆದೇ ಇರಲಿಲ್ಲ ಎಂಬಂತೆ ಲೋಕ ಮರೆತುಬಿಡುತ್ತದೆ. ಇಬ್ಬರೂ ಒಪ್ಪುತ್ತಾರೆ. 2007ರ ಕೊನೆಯಲ್ಲಿ ಬಂದ ‘ಒನ್ ಮೋರ್ ಡೇ’ ಎಂಬ ಈ ಸ್ಪೈಡರ್‌ಮ್ಯಾನ್ ಕಥೆಯನ್ನು ಬರೆದವರು ಜೆ. ಮೈಕಲ್ ಸ್ಟ್ರಾಜಿನ್ಸ್ಕಿ, ಚಿತ್ರಿಸಿದವರು ಮಾರ್ವೆಲ್‌ನ ಆಗಿನ ಪ್ರಧಾನ ಸಂಪಾದಕ ಜೋ ಕೆಸಾಡ. ಕೊನೆಯ ಎರಡು ಸಂಚಿಕೆಗಳಿಂದ ತಮ್ಮ ಹೆಸರನ್ನೇ ತೆಗೆಸಬೇಕೆಂದು ಸ್ಟ್ರಾಜಿನ್ಸ್ಕಿ ಅವರಿಗೆ ಅನ್ನಿಸಿತ್ತು, ಅದನ್ನವರು ಬಹಿರಂಗವಾಗಿಯೇ ಹೇಳಿದರು. ಓದುಗರ ಸಿಟ್ಟಂತೂ ಇವತ್ತಿಗೂ ಆರಿಲ್ಲ.

ಆ ಸಿಟ್ಟಿನಲ್ಲಿ ನನಗೆ ಪಾಲಿದೆ. ಆದರೆ ಜಗಳ ಸಾಗಿಬಂದಿರುವ ದಾರಿ ನನಗೆ ಒಪ್ಪಿಗೆಯಿಲ್ಲ. ಒಂದು ಬಣಕ್ಕೆ ಮದುವೆ ವಾಪಸು ಬೇಕು. ಇನ್ನೊಂದು ಬಣಕ್ಕೆ ಸ್ಪೈಡರ್‌ಮ್ಯಾನ್ ಬ್ರಹ್ಮಚಾರಿಯಾಗಿಯೇ ಚೆನ್ನ. ಇವೆರಡರ ನಡುವೆ ಗ್ವೆನ್ ಸ್ಟೇಸಿಯೇ ನಿಜವಾದ ಪ್ರೇಯಸಿ ಎಂದು ಪಟ್ಟು ಹಿಡಿದವರಿದ್ದಾರೆ. ಮೂವರೂ ಕೇಳುತ್ತಿರುವುದು ಒಂದೇ ಪ್ರಶ್ನೆ: ಪೀಟರ್‌ನ ಪಕ್ಕದಲ್ಲಿ ಯಾರಿರಬೇಕು? ಪಕ್ಕದಲ್ಲಿರುವವಳಿಗೆ ತನ್ನದೇ ಒಂದು ಮನಸ್ಸನ್ನು ಯಾವ ಬರಹಗಾರ ಕೊಟ್ಟ, ಯಾರು ಕೊಡಲಿಲ್ಲ ಎಂದು ಕೇಳಿದರೆ ಅರವತ್ತು ವರ್ಷಗಳ ಈ ಕಥೆ ಬೇರೆಯೇ ಥರ ಕಾಣುತ್ತದೆ.

ಗ್ವೆನ್‌ಳಿಂದಲೇ ನೋಡೋಣ. ಆಕೆ 1965ರಲ್ಲಿ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 31ನೇ ಸಂಚಿಕೆಯಲ್ಲಿ ಕಾಲಿಟ್ಟಾಗ ಬಿಗುಮಾನದ ಹುಡುಗಿ. ದೊಡ್ಡಮ್ಮನ ಕಾಯಿಲೆಯ ಚಿಂತೆಯಲ್ಲಿ ಪೀಟರ್ ತನ್ನತ್ತ ತಿರುಗಿ ನೋಡದಿದ್ದುದೇ ಆಕೆಯನ್ನು ಕೆರಳಿಸುತ್ತದೆ. ಸ್ಟೀವ್ ಡಿಟ್ಕೊ ಬರೆದ ಆ ಮುಖದಲ್ಲಿ ಚೂಪಾದ ಹುಬ್ಬು, ಅಷ್ಟೇ ಚೂಪಾದ ಬುದ್ಧಿ. ಮರುವರ್ಷ ಡಿಟ್ಕೊ ಹೊರಟುಹೋದರು, ಜಾನ್ ರೊಮಿಟಾ ಬಂದರು. ಅವರ ಕುಂಚದಲ್ಲಿ ಗ್ವೆನ್ ಚೆಲುವೆಯಾದಳು, ಮೃದುವಾದಳು. ಬರಬರುತ್ತಾ ಅಳುವುದು ಮತ್ತು ಕಾಯುವುದು ಬಿಟ್ಟರೆ ಆಕೆಗೆ ಹೆಚ್ಚೇನೂ ಕೆಲಸ ಉಳಿಯಲಿಲ್ಲ. 1973ರ 121ನೇ ಸಂಚಿಕೆಯಲ್ಲಿ ಗ್ರೀನ್ ಗಾಬ್ಲಿನ್ ಆಕೆಯನ್ನು ಸೇತುವೆಯಿಂದ ಕೆಳಕ್ಕೆ ಬೀಳಿಸಿದ. ಸ್ಪೈಡರ್‌ಮ್ಯಾನ್ ಎಸೆದ ಬಲೆಯ ಎಳೆ ಕಾಲಿಗೆ ಸಿಕ್ಕಿಕೊಂಡಾಗ ಕುತ್ತಿಗೆಯ ಬಳಿ ‘ಸ್ನ್ಯಾಪ್’ ಎಂಬ ಪುಟ್ಟ ಅಕ್ಷರಗಳು. ಬರೆದ ಗೆರಿ ಕಾನ್ವೇಗೆ ಆಗ ಇಪ್ಪತ್ತರ ವಯಸ್ಸು. ಕೊಂದದ್ದು ಬಿದ್ದ ರಭಸವೋ, ಬಲೆಯ ಎಳೆತವೋ ಎಂದು ಓದುಗರು ವಾದಕ್ಕಿಳಿದರು. ಎಳೆತದಿಂದಲೇ ಎಂದು 125ನೇ ಸಂಚಿಕೆಯ ಪತ್ರಗಳ ಪುಟದಲ್ಲಿ ಸಂಪಾದಕರು ಉತ್ತರ ಕೊಡಬೇಕಾಯಿತು. ಆ ವಾದ ಪೂರ್ತಿ ಪೀಟರ್‌ನ ತಪ್ಪಿನ ಸುತ್ತ ನಡೆಯಿತು. ಸೇತುವೆಯ ಮೇಲೆ ಗ್ವೆನ್‌ಗೆ ಪ್ರಜ್ಞೆಯೇ ಇರಲಿಲ್ಲ, ಸಾಯುವ ಮುಂಚೆ ಒಂದು ಮಾತಾಡುವ ಅವಕಾಶವೂ ಸಿಗಲಿಲ್ಲ ಎಂಬುದು ಚರ್ಚೆಯ ಅಂಚಿಗೇ ಸರಿಯಿತು.

ಮುಂದಿನ ಸಂಚಿಕೆಯ ಕೊನೆಯ ಪುಟ ಮಾತ್ರ ಸೂಪರ್‌ಹೀರೊ ಕಾಮಿಕ್ಸ್ ತನ್ನ ಹೆಣ್ಣುಪಾತ್ರಗಳಿಗೆ ಕೊಟ್ಟ ಅತ್ಯುತ್ತಮ ಪುಟಗಳಲ್ಲಿ ಒಂದು. ಮೇರಿ ಜೇನ್ ಅಲ್ಲಿಯವರೆಗೆ ಪಾರ್ಟಿ, ಕುಣಿತ, ಚಟಾಕಿಗಳ ಹುಡುಗಿ, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದವಳು. ಗ್ವೆನ್ ಸತ್ತ ದಿನ ಪೀಟರ್ ಮನೆಗೆ ಮರಳಿದಾಗ ಆಕೆ ಅಲ್ಲಿದ್ದಾಳೆ. ಹೊರಟುಹೋಗು ಎಂದು ಪೀಟರ್ ಗದರುತ್ತಾನೆ. ನಿನ್ನ ಸ್ವಂತ ತಾಯಿ ಸತ್ತರೂ ನಿನಗೆ ದುಃಖವಾಗದು ಎನ್ನುವಷ್ಟು ಕಟುವಾಗಿ ಮಾತಾಡುತ್ತಾನೆ. ಆಕೆ ಬಾಗಿಲಿನವರೆಗೆ ಹೋಗುತ್ತಾಳೆ, ಬಾಗಿಲು ತೆರೆಯುತ್ತಾಳೆ, ನಿಲ್ಲುತ್ತಾಳೆ. ಕಣ್ಣಲ್ಲಿ ನೀರು. ಮಾತಿಲ್ಲ. ಆಮೇಲೆ ಕೈ ಬಾಗಿಲನ್ನು ಮುಚ್ಚುತ್ತದೆ, ‘ಕ್ಲಿಕ್’ ಎಂಬ ಸದ್ದು. ಆಕೆ ಹೊರಗಲ್ಲ, ಒಳಗಿದ್ದಾಳೆ. ಹಿಂದಿನ ಸಂಚಿಕೆಯ ಸಣ್ಣ ಸದ್ದಿನಲ್ಲಿ ಒಬ್ಬಳ ಗತಿಯನ್ನು ಗಂಡಸರಿಬ್ಬರು ತೀರ್ಮಾನಿಸಿದ್ದರು. ಈ ಸಣ್ಣ ಸದ್ದಿನಲ್ಲಿ ಒಬ್ಬಳು ತನ್ನ ತೀರ್ಮಾನ ತಾನೇ ತೆಗೆದುಕೊಳ್ಳುತ್ತಾಳೆ. ಗ್ವೆನ್‌ಳನ್ನು ಕೊಂದ ಕಾನ್ವೇ ಅವರೇ ಇದನ್ನೂ ಬರೆದರು ಎಂಬುದನ್ನು ಮರೆತು ಅವರ ಮೇಲೆ ತೀರ್ಪು ಕೊಡುವುದು ಅನ್ಯಾಯ.

ಆ ಬಾಗಿಲಿನ ಹಿಂದೆ ಏನಿತ್ತು ಎಂಬುದು ಹನ್ನೊಂದು ವರ್ಷ ಬಿಟ್ಟು ತಿಳಿಯಿತು. 1984ರಲ್ಲಿ ಟಾಮ್ ಡಿಫಾಲ್ಕೊ ಮತ್ತು ರಾನ್ ಫ್ರೆನ್ಸ್, ಪೀಟರ್‌ನೇ ಸ್ಪೈಡರ್‌ಮ್ಯಾನ್ ಎಂಬ ಗುಟ್ಟು ತನಗೆ ಗೊತ್ತು ಎಂದು ಮೇರಿ ಜೇನ್‌ಳ ಬಾಯಲ್ಲಿ ಹೇಳಿಸಿದರು. ಎರಡು ಸಂಚಿಕೆ ಕಳೆದು, ಮನೆಯವರ ಮೇಲೆ ಸಿಟ್ಟು ತೀರಿಸಿಕೊಳ್ಳುವ ತಂದೆ, ಅಕ್ಕ ಗೇಲ್‌ಳ ಮುರಿದ ಸಂಸಾರ, ಅಲ್ಲಿಂದ ಓಡಿಬಂದದ್ದು, ಎಲ್ಲವನ್ನೂ ಆಕೆಯೇ ಹೇಳಿದಳು. ನಗುವೆಲ್ಲ ಮುಖವಾಡ ಎಂದು ಗೊತ್ತಾದ ಮೇಲೆ ಹಳೆಯ ಸಂಚಿಕೆಗಳನ್ನು ತಿರುವಿದರೆ ಆ ಚಟಾಕಿಗಳು ಬೇರೆಯಾಗಿ ಕೇಳಿಸುತ್ತವೆ. ಪೀಟರ್‌ನಂತೆ ಆಕೆಯೂ ಎರಡು ಬಾಳು ಬಾಳುತ್ತಿದ್ದವಳು. 1987ರ ಮದುವೆ ಇದರ ಮುಂದೆ ಸಪ್ಪೆ. ಆ ಜೂನ್‌ನಲ್ಲಿ ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ ಸ್ಟಾನ್ ಲೀ ಅವರೇ ಪೌರೋಹಿತ್ಯ ವಹಿಸಿ ವೇಷಧಾರಿಗಳಿಗೆ ಮದುವೆ ಮಾಡಿಸಿದರು, ಪ್ರಚಾರ ಜೋರಾಯಿತು. ಕಥೆಯಾಗಿ ಅದು ಅವಸರದ ಕೆಲಸ.

ಮದುವೆಯಾದ ನಾಯಕ ಮುದುಕನಾಗಿ ಕಾಣುತ್ತಾನೆ, ಹೊಸ ಓದುಗರು ದೂರವಾಗುತ್ತಾರೆ, ವಿಚ್ಛೇದನವಾಗಲಿ ವಿಧುರತನವಾಗಲಿ ಅವನನ್ನು ಇನ್ನಷ್ಟು ಹಿರಿಯನನ್ನಾಗಿಸುತ್ತದೆ: ಇದು ಕೆಸಾಡ ಅವರ ವಾದ. ಸೈತಾನನ ದಾರಿ ಹಿಡಿದದ್ದು ಇದಕ್ಕಾಗಿ. ಇದೇ ವಾದ ಅದಕ್ಕೂ ಮೊದಲು, 2004ರ ‘ಸಿನ್ಸ್ ಪಾಸ್ಟ್’ ಕಥೆಯಲ್ಲಿ, ಸತ್ತ ಗ್ವೆನ್‌ಳ ಮೇಲೆ ಎರಗಿತ್ತು. ಗ್ವೆನ್‌ಗೆ ಹುಟ್ಟಿದ ಅವಳಿ ಮಕ್ಕಳಿಗೆ ಪೀಟರ್‌ನೇ ತಂದೆ ಎಂಬುದು ಸ್ಟ್ರಾಜಿನ್ಸ್ಕಿ ಅವರ ಮೂಲ ಆಲೋಚನೆ. ಅವನಿಗೆ ವಯಸ್ಸಾದಂತೆ ಕಾಣುತ್ತದೆ ಎಂದು ಅದನ್ನು ತಳ್ಳಿಹಾಕಿ, ಗ್ರೀನ್ ಗಾಬ್ಲಿನ್ ವೇಷದಲ್ಲಿ ಆಕೆಯನ್ನು ಮುಂದೆ ಕೊಲ್ಲುವ ನಾರ್ಮನ್ ಆಸ್ಬಾರ್ನ್‌ನನ್ನೇ ತಂದೆ ಮಾಡಲಾಯಿತು. ನಾಯಕನ ಯೌವನ ಕಾಯಲು ಮೂವತ್ತು ವರ್ಷಗಳ ಹಿಂದೆ ಸತ್ತ ಹುಡುಗಿಯ ಮಾನ ಕಳೆದರು. ಓದುಗರು ಇದನ್ನು ಕ್ಷಮಿಸಲಿಲ್ಲ, ಕ್ಷಮಿಸಬೇಕಾಗಿಯೂ ಇರಲಿಲ್ಲ. 2021ರಲ್ಲಿ ನಿಕ್ ಸ್ಪೆನ್ಸರ್ ಆ ಕಥೆಯನ್ನೇ ಸುಳ್ಳೆಂದು ಸಾಧಿಸಿ ಕಳಂಕ ತೊಳೆದರು.

ಮದುವೆ ಕಥೆಯನ್ನು ಕೊಲ್ಲುತ್ತದೆ ಎಂಬ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ. ಸ್ಟಾನ್ ಲೀ ಹೆಸರಿನಲ್ಲಿ ಬರುತ್ತಿದ್ದ ದಿನಪತ್ರಿಕೆಯ ಸ್ಪೈಡರ್‌ಮ್ಯಾನ್ ಕಾಮಿಕ್ ಸ್ಟ್ರಿಪ್‌ನಲ್ಲೂ 2009ರ ಜನವರಿಯಲ್ಲಿ ಪೀಟರ್‌ನನ್ನು ಅವಿವಾಹಿತನನ್ನಾಗಿ ಮಾಡಿದರು. ಓದುಗರು ತಿರುಗಿಬಿದ್ದರು. ಅದೇ ಮೇ ತಿಂಗಳಲ್ಲಿ ಅದೆಲ್ಲ ಕನಸು ಎಂದು ಹೇಳಿ ಮದುವೆಯನ್ನು ಮರಳಿಸಿದರು, 2019ರವರೆಗೂ ಆ ದಂಪತಿ ಸುಖವಾಗಿ ಬಾಳಿದರು. ನಮ್ಮಲ್ಲಿ ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ಲೀ ಫಾಕ್ ಅವರ ಫ್ಯಾಂಟಮ್ 1936ರಿಂದ ಡಯಾನಾ ಪಾಮರ್‌ಳನ್ನು ಕಾಯಿಸಿ 1977ರಲ್ಲಿ ಮದುವೆಯಾದ. ಆಮೇಲೆ ಅವಳಿ ಮಕ್ಕಳೂ ಆದವು. ಡಯಾನಾ ವಿಶ್ವಸಂಸ್ಥೆಯ ಕೆಲಸ ಬಿಡಲಿಲ್ಲ, ತಲೆಬುರುಡೆಯ ಗುಹೆಯ ಸಾಹಸಗಳೂ ನಿಲ್ಲಲಿಲ್ಲ.

‘ಒನ್ ಮೋರ್ ಡೇ’ ವಿಷಯದಲ್ಲಿ ಅಭಿಮಾನಿಗಳು ಸಾಕಷ್ಟು ಎತ್ತಿ ತೋರಿಸದ ಒಂದು ಲೋಪ ನನ್ನನ್ನು ಹೆಚ್ಚು ಕಾಡುತ್ತದೆ. ಆ ಕಥೆಯಲ್ಲಿ ಮೊದಲು ಮನಸ್ಸು ಗಟ್ಟಿಮಾಡಿಕೊಂಡು ಪೀಟರ್‌ನನ್ನು ಒಪ್ಪಿಸುವವಳು ಮೇರಿ ಜೇನ್. ಮೆಫಿಸ್ಟೊನ ಕಿವಿಯಲ್ಲಿ ಆಕೆ ಏನೋ ಪಿಸುಗುಡುತ್ತಾಳೆ. ಏನೆಂದು ಓದುಗರಿಗೆ ಹೇಳಲಿಲ್ಲ! ಪೀಟರ್‌ನ ತಂಟೆಗೆ ಇನ್ನೆಂದೂ ಬರಬೇಡ ಎಂದು ಆಕೆ ಷರತ್ತು ಹಾಕಿದ್ದಳು ಎಂಬುದು 2010ರಲ್ಲಿ ತಿಳಿಯಿತು. ಮದುವೆ ಕಳೆದುಕೊಳ್ಳುವವಳು, ತ್ಯಾಗ ಮಾಡುವವಳು, ಸೈತಾನನ ಜೊತೆ ಎದುರುಬದುರು ನಿಂತು ಚೌಕಾಸಿ ಮಾಡುವವಳು ಆಕೆ. ಕಥೆ ನಿಜವಾಗಿ ಆಕೆಯದು. ಕಣ್ಣೀರು ಮಾತ್ರ ಪೀಟರ್‌ನದನ್ನೇ ತೋರಿಸಿದರು.

2022ರಲ್ಲಿ ಜೆಬ್ ವೆಲ್ಸ್ ಬರೆಯಲು ಶುರುಮಾಡಿದಾಗ ಗಾಯ ಮತ್ತೆ ಕೆದರಿತು. ಸ್ಪೆನ್ಸರ್ ಒಂದುಗೂಡಿಸಿದ್ದ ಜೋಡಿ ಒಡೆದಿತ್ತು. ಮೇರಿ ಜೇನ್ ಪಾಲ್ ಎಂಬಾತನ ಜೊತೆ, ಎರಡು ಮಕ್ಕಳೊಂದಿಗೆ ಸಂಸಾರ ಮಾಡುತ್ತಿದ್ದಳು. ಯಾಕೆ ಎಂಬುದನ್ನು ಸುಮಾರು ಒಂದು ವರ್ಷ ಬಚ್ಚಿಟ್ಟರು. ಬೇರೊಂದು ಲೋಕದಲ್ಲಿ ಸಿಕ್ಕಿಬಿದ್ದ ಆಕೆಗೆ ಅಲ್ಲಿ ವರ್ಷಗಳೇ ಉರುಳಿದ್ದವು. ಮಕ್ಕಳು ಮಾಯೆಯ ಸೃಷ್ಟಿ ಎಂದು ಬಯಲಾಗಿ ಕೊನೆಗೆ ಕಣ್ಮರೆಯಾದವು. ಅಭಿಮಾನಿಗಳು ಪಾಲ್‌ನನ್ನು ದ್ವೇಷಿಸಿದರು. ಆ ದ್ವೇಷದ ಬಹುಪಾಲು ಸೊತ್ತು ಕಳೆದುಕೊಂಡವರ ಆಕ್ರೋಶದಂತಿತ್ತು: ನಮ್ಮ ಹುಡುಗನ ಹುಡುಗಿಯನ್ನು ಇನ್ನೊಬ್ಬ ಒಯ್ದ. ಮಕ್ಕಳನ್ನು ಕಳೆದುಕೊಂಡ ಹೆಣ್ಣೊಬ್ಬಳು ಅದನ್ನು ಹೇಗೆ ತಾಳಿಕೊಂಡಳು ಎಂದು ಕೇಳಿದವರು ಕಡಿಮೆ. ಅಪರಿಚಿತ ಲೋಕದಲ್ಲಿ ಪಾಲ್‌ನನ್ನು ಆಕೆ ಯಾಕೆ ನಂಬಿದಳು, ಪೀಟರ್ ಬರುವನೆಂಬ ಆಸೆ ಯಾವತ್ತು ಬತ್ತಿತು? ಬರಹಗಾರ ಇವಕ್ಕೆ ನಾಲ್ಕು ಪುಟ ಮನಸ್ಸಿಟ್ಟು ಬರೆದಿದ್ದರೆ ಓದುಗ ಒಪ್ಪದೆಯೂ ಅರ್ಥಮಾಡಿಕೊಳ್ಳುತ್ತಿದ್ದ. ಬರೆಯಲಿಲ್ಲ, ಪೀಟರ್‌ನ ಪೆಚ್ಚುಮುಖವನ್ನೇ ಮತ್ತೆ ಮತ್ತೆ ತೋರಿಸಿದರು. ಈ ಒಂದು ವಿಷಯದಲ್ಲಿ ಬರಹಗಾರರೂ ಅವರನ್ನು ಬೈಯುವವರೂ ಒಂದೇ ಕಡೆ ನಿಂತಿದ್ದಾರೆ.

2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಮತ್ತು ಮಾರ್ಕೊ ಚೆಕೆಟ್ಟೊ ಆರಂಭಿಸಿದ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ನಲ್ಲಿ ಪೀಟರ್ ಮತ್ತು ಮೇರಿ ಜೇನ್ ದಂಪತಿ, ಇಬ್ಬರು ಮಕ್ಕಳ ತಂದೆತಾಯಿ. ಪುಸ್ತಕ ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು. ಮದುವೆ ಬೇಕೆಂದವರು ಇದನ್ನು ತಮ್ಮ ಗೆಲುವೆಂದು ಸಾರಿದರು, ಮಾರಾಟದ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ 2019ರಲ್ಲಿ ಲಿಯಾ ವಿಲಿಯಮ್ಸ್ ಬರೆದ ‘ದಿ ಅಮೇಜಿಂಗ್ ಮೇರಿ ಜೇನ್’ ಅವರ ವಾದಗಳಲ್ಲಿ ಅಪರೂಪಕ್ಕೂ ಸುಳಿಯುವುದಿಲ್ಲ. ಪೀಟರ್‌ನ ಹಳೆಯ ವೈರಿ ಮಿಸ್ಟೀರಿಯೊ ವೇಷ ಮರೆಸಿಕೊಂಡು ತೆಗೆಯುತ್ತಿರುವ ಸಿನಿಮಾದಲ್ಲಿ ಆಕೆ ನಟಿಸುತ್ತಾಳೆ. ಅವನ ಗುಟ್ಟು ತಿಳಿದ ಮೇಲೂ ಚಿತ್ರತಂಡದ ನೂರಾರು ಜನರ ಹೊಟ್ಟೆಪಾಡು ನೆನೆದು ಕೆಲಸ ಬಿಡುವುದಿಲ್ಲ, ಪೀಟರ್‌ಗೂ ಹೇಳುವುದಿಲ್ಲ. ಕುಸಿಯುತ್ತಿದ್ದ ಚಿತ್ರೀಕರಣವನ್ನು ತನ್ನ ಮಾತಿನ ಬಲದಿಂದಲೇ ಎತ್ತಿ ನಿಲ್ಲಿಸುತ್ತಾಳೆ. ಆರೇ ಸಂಚಿಕೆಗೆ ಆ ಮಾಲೆ ಮುಗಿಯಿತು. ಮೇರಿ ಜೇನ್‌ಗಾಗಿ ಜಗಳಕ್ಕೆ ನಿಂತವರು ಮೊದಲು ಆ ಆರು ಸಂಚಿಕೆಗಳನ್ನು ಓದಲಿ, ಏಳನೆಯದು ಬೇಕೆಂದು ಮಾರ್ವೆಲ್‌ಗೆ ಪತ್ರ ಬರೆಯಲಿ.