ಮೂರನೆಯ ಬೇಡಿಕೆ

ನಾಸಿಕದ ಕಾಳಾರಾಮ ಗುಡಿಯ ಸತ್ಯಾಗ್ರಹದ ಪ್ರಸ್ತಾಪ ಬಂದಾಗಲೆಲ್ಲ ಅಂಬೇಡ್ಕರರ ಬೆನ್ನಿಗೇ ದಾದಾಸಾಹೇಬ ಗಾಯಕವಾಡರ ಹೆಸರು ಬರುತ್ತದೆ. ಕನ್ನಡದಲ್ಲಿ ಅವರ ಕಥೆ ಅಲ್ಲಿಗೇ ಮುಗಿಯುತ್ತದೆ. ನಮ್ಮ ಬರಹಗಾರರು ಮಹಾಡದ ಕೆರೆ, ಕಾಳಾರಾಮನ ಬಾಗಿಲು, 1956ರ ನಾಗಪುರದ ದೀಕ್ಷೆ ದಾಟಿ ನೇರವಾಗಿ 1972ರ ದಲಿತ ಪ್ಯಾಂಥರ್ಸ್‌ಗೆ ಜಿಗಿಯುತ್ತಾರೆ. ಗಾಯಕವಾಡರ ದೊಡ್ಡ ಕೆಲಸ ಇರುವುದೇ ಹಾಗೆ ಜಿಗಿದುಬಿಟ್ಟ ವರ್ಷಗಳಲ್ಲಿ.

ದಿಂಡೋರಿ ತಾಲ್ಲೂಕಿನ ಆಂಬೆಯಲ್ಲಿ 1902ರಲ್ಲಿ ಹುಟ್ಟಿದ್ದು, 1937ರಲ್ಲಿ ಮುಂಬಯಿ ಶಾಸನಸಭೆ, 1957ರಲ್ಲಿ ನಾಸಿಕದಿಂದ ಲೋಕಸಭೆ ಪ್ರವೇಶಿಸಿದ್ದು ಬಲ್ಲವರಿಗೆ ಗೊತ್ತು. ನಾನು ಇಲ್ಲಿ ಹಿಡಿದು ಕೂರುವುದು ಒಂದು ಪಟ್ಟಿಯನ್ನು. 1964ರ ಅಕ್ಟೋಬರ್‌ನಲ್ಲಿ ಗಾಯಕವಾಡರ ರಿಪಬ್ಲಿಕನ್ ಪಕ್ಷ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರಿಗೆ ಕೊಟ್ಟ ಹತ್ತು ಬೇಡಿಕೆಗಳವು. ಡಿಸೆಂಬರ್ 6ರಿಂದ ನಡೆದ ಸತ್ಯಾಗ್ರಹದಲ್ಲಿ ಲಕ್ಷಾಂತರ ಜನ ಬಂಧನಕ್ಕೊಳಗಾದದ್ದು ಇವುಗಳಿಗಾಗಿ. ಮೊದಲನೆಯದು, ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಅಂಬೇಡ್ಕರರ ಭಾವಚಿತ್ರ. ಎರಡನೆಯದು, ಉಳುವವನಿಗೆ ಭೂಮಿ. ಮೂರನೆಯದು, ಬೀಳುಬಿದ್ದ ಭೂಮಿ ಭೂಮಿಯಿಲ್ಲದ ಕೂಲಿಗೆ.

ಎರಡನ್ನೂ ಮೂರನ್ನೂ ಸೇರಿಸಿ ಒಂದೇ ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಉಳುವವನೆಂದರೆ ನೇಗಿಲು, ಜೋಡೆತ್ತು ಇದ್ದವನು. ದಾಖಲೆಯಲ್ಲಿ ಎಲ್ಲೋ ಒಂದು ಕಡೆ ಹೆಸರಿದ್ದವನು. ಕೂಲಿಗೆ ಇರುವುದು ಎರಡು ಕೈ. ಒಂದೇ ಸಾಲಿನಲ್ಲಿ ಸೇರಿಸಿದರೆ ಉಳುವವನು ಕೂಲಿಯನ್ನು ಮರೆಮಾಡಿಬಿಡುತ್ತಾನೆ. ಹಾಗೆ ಆದದ್ದನ್ನು ನಾವು ನಮ್ಮಲ್ಲೇ ಕಂಡಿದ್ದೇವೆ. 1951ರ ಕಾಗೋಡು ಹೋರಾಟ ಗೇಣಿದಾರರದು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ಫಲ ಉಂಡವರೂ ಮುಖ್ಯವಾಗಿ ಗೇಣಿದಾರರೇ. ಗೇಣಿಯೂ ಇಲ್ಲದವನು ಬದುವಿನ ಮೇಲೇ ನಿಂತ. ಭೂಹೋರಾಟವೆಂದರೆ ಗೇಣಿಯ ಹೋರಾಟ ಎಂಬ ನಮ್ಮ ರೂಢಿಯೇ ಗಾಯಕವಾಡರನ್ನು ನಮ್ಮ ಕಣ್ಣಿಗೆ ಬೀಳದಂತೆ ಮಾಡಿದೆ.

ಭಾವಚಿತ್ರವನ್ನು ಮೊದಲಿಟ್ಟದ್ದು ಬರೀ ಸಂಕೇತದ ರಾಜಕಾರಣ ಎನ್ನುವವರಿದ್ದಾರೆ. ಅತ್ತ 1959ರಲ್ಲೇ ಪಕ್ಷ ಒಡೆದು ಹೋದವರು ಗಾಯಕವಾಡರ ಭೂಮಿಯ ಮಾತಿನಲ್ಲಿ ಕಮ್ಯುನಿಸಮ್ಮಿನ ವಾಸನೆ ಕಂಡರು. ಒಬ್ಬರಿಗೆ ಅವರು ಅನ್ನ ಮರೆತವರು, ಇನ್ನೊಬ್ಬರಿಗೆ ಅನ್ನ ಬಿಟ್ಟು ಬೇರೆ ತಿಳಿಯದವರು. ಇಬ್ಬರೂ ಪಟ್ಟಿಯನ್ನು ಸರಿಯಾಗಿ ಓದಿಲ್ಲ. ಸಂಸತ್ತಿನ ಗೋಡೆ ಯಾರದು? ಎಲ್ಲರದು. ಊರಿನ ಬೀಳು ಯಾರದು? ಅದೂ ಎಲ್ಲರದು. ಮೊದಲನೆಯ ಮತ್ತು ಮೂರನೆಯ ಬೇಡಿಕೆಗಳು ಒಂದೇ ಜಾತಿಯವು: ಎಲ್ಲರದೆಂದು ಹೇಳಿ ನಮ್ಮನ್ನು ಹೊರಗಿಟ್ಟಿರುವುದರಲ್ಲಿ ನಮ್ಮ ಪಾಲು ಕೊಡಿ. ಕಾಳಾರಾಮನ ಬಾಗಿಲಲ್ಲಿ ಕೇಳಿದ್ದೂ ಅದನ್ನೇ ಅಲ್ಲವೇ? ಈ ನಂಟನ್ನು ಕಾಣದೆ ಗುಡಿಯ ಗಾಯಕವಾಡರು ಬೇರೆ, ಭೂಮಿಯ ಗಾಯಕವಾಡರು ಬೇರೆ ಎಂದು ಹೋಳು ಮಾಡುವ ವಿಮರ್ಶೆಯನ್ನು ನಾನು ಒಪ್ಪಲಾರೆ.

ಬೀಳು ಭೂಮಿ ಕೇಳುವ ಈ ದಾರಿಯ ಮೊದಲ ಹೆಜ್ಜೆಗಳು ಮೂಡಿದ್ದು 1953ರಲ್ಲಿ, ಇಂದಿನ ಛತ್ರಪತಿ ಸಂಭಾಜಿನಗರದ ಸುತ್ತಲಿನ ಮರಾಠವಾಡದಲ್ಲಿ. ಆಗ ಅದು ಹೈದರಾಬಾದ್ ರಾಜ್ಯ, ನಮ್ಮ ಬೀದರ್ ಕಲಬುರಗಿಗಳೂ ಅದರೊಳಗೇ. ಗಾಯರಾಣದಲ್ಲಿ, ಅಂದರೆ ಊರಿನ ಗೋಮಾಳದಲ್ಲಿ, ಸಾಗುವಳಿ ಮಾಡಿದವನನ್ನು ಸರಕಾರ ಒತ್ತುವರಿದಾರ ಎಂದಿತು. ಮುಂದೆ 1991ರಲ್ಲಿ ಮಹಾರಾಷ್ಟ್ರ ಅಂಥ ಸಾಗುವಳಿಯನ್ನು ಸಕ್ರಮಗೊಳಿಸಲು ಹೊರಟಾಗ, ಅಪರಾಧದ ದಾಖಲೆಯೇ ಹಕ್ಕಿನ ದಾಖಲೆಯಾಯಿತು. ಬಗರ್ ಹುಕುಂ ಅರ್ಜಿಗೆ ದಂಡದ ರಸೀದಿ ಲಗತ್ತಿಸಿದ ಯಾವ ಕನ್ನಡ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

1967ರಲ್ಲಿ ಗಾಯಕವಾಡರು ಕಾಂಗ್ರೆಸ್ಸಿನೊಂದಿಗೆ ಕೈಜೋಡಿಸಿದ್ದು ಹೋರಾಟದ ಮೊನೆ ಮುರಿಯಿತು, ಅದನ್ನು ಅಲ್ಲಗಳೆಯುವುದಿಲ್ಲ.

ಭಾವಚಿತ್ರ 1990ರ ಏಪ್ರಿಲ್‌ನಲ್ಲಿ ಸೆಂಟ್ರಲ್ ಹಾಲ್ ಸೇರಿತು. ಗಾಯಕವಾಡರ ಹೆಸರಿನಲ್ಲೇ ಮಹಾರಾಷ್ಟ್ರ ಸರಕಾರ 2004ರಲ್ಲಿ ಒಂದು ಯೋಜನೆ ತಂದಿತು: ಭೂಮಿಯಿಲ್ಲದ ದಲಿತ ಕುಟುಂಬಕ್ಕೆ ನಾಲ್ಕು ಎಕರೆ ಖುಷ್ಕಿ ಅಥವಾ ಎರಡು ಎಕರೆ ನೀರಾವರಿ. ಆದರೆ ಆ ಜಮೀನನ್ನು ಖಾಸಗಿಯವರಿಂದ ಕೊಂಡು ಕೊಡಬೇಕು. ಮಾರುವವರು ಮುಂದೆ ಬಂದರೆ ಮಾತ್ರ. ಗಾಯಕವಾಡರು ಕೇಳಿದ್ದು ಬೀಳು ಭೂಮಿಯನ್ನು.