ಸ್ಫೂರ್ತಿಯ ನೆಲೆ: ನಾ. ಡಿಸೋಜರ ‘ದ್ವೀಪ’ವನ್ನು ಮತ್ತೆ ಓದುತ್ತಾ



ವಿಲ್ಸನ್ ಗಾರ್ಡನ್ನಿನ ನಮ್ಮ ಅಡ್ಡರಸ್ತೆಯಲ್ಲಿ ಕಾಲೇಜಿನ ಮೊದಲ ವರ್ಷದಲ್ಲಿ ಓದುತ್ತಿರುವ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ಕಥೆ ಬರೆಯಬೇಕೆಂಬ ಹಂಬಲ. ಕಳೆದ ಮಳೆಗಾಲದ ಒಂದು ಸಂಜೆ ಖಾಲಿ ನೋಟುಪುಸ್ತಕ ಹಿಡಿದು ಮನೆಗೆ ಬಂದವಳು, “ಅಂಕಲ್, ಎಷ್ಟು ಹೊತ್ತು ಕುಳಿತರೂ ಸ್ಫೂರ್ತಿಯೇ ಬರುವುದಿಲ್ಲ. ನಮ್ಮ ಬೀದಿಯಲ್ಲಿ ಬರೆಯುವಂಥದ್ದು ಏನಿದೆ? ಮಲೆನಾಡಿನಲ್ಲಾದರೂ ಹುಟ್ಟಿದ್ದರೆ ಬರೆಯಬಹುದಿತ್ತು” ಎಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕಪಾಟಿನಿಂದ ನಾ. ಡಿಸೋಜರ ‘ದ್ವೀಪ’ ಕಾದಂಬರಿಯನ್ನು ತೆಗೆದುಕೊಟ್ಟು ಕಳುಹಿಸಿದೆ. ವಾರದ ಬಳಿಕ ಪುಸ್ತಕ ಮರಳಿ ಬಂದಾಗ ನಾನೂ ಅದನ್ನು ಮತ್ತೊಮ್ಮೆ ಓದಿದೆ. ಅಂದು ಹೇಳಲಾಗದ ಉತ್ತರವನ್ನು ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಸ್ಫೂರ್ತಿಯೆಂದರೆ ಮಿಂಚಿನಂತೆ ಬಂದೆರಗುವ ಶಕ್ತಿ, ಅದು ಕೆಲವರಿಗೆ ಮಾತ್ರ ಒಲಿಯುತ್ತದೆ, ಅದಕ್ಕೆ ಬೆಟ್ಟ, ಹೊಳೆ, ಏಕಾಂತ ಬೇಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಡಿಸೋಜರಿಗೆ ಬೆಟ್ಟವೂ ಇತ್ತು, ಹೊಳೆಯೂ ಇತ್ತು. ಆದರೆ ಅವರನ್ನು ದೊಡ್ಡ ಲೇಖಕರನ್ನಾಗಿ ಮಾಡಿದ್ದು ಆ ಚೆಲುವಲ್ಲ. ಹೊಟ್ಟೆಪಾಡಿಗಾಗಿ ಹಿಡಿದ ಸರಕಾರಿ ನೌಕರಿ ಅವರೆದುರು ಏನನ್ನು ತಂದು ನಿಲ್ಲಿಸಿತೋ ಅದರಿಂದ ಅವರು ಮುಖ ತಿರುಗಿಸಲಿಲ್ಲ. ಅವರ ಪ್ರತಿಭೆಯ ಬೇರು ಅಲ್ಲಿದೆ.

ನಾರ್ಬರ್ಟ್ ಡಿಸೋಜರು ಹುಟ್ಟಿದ್ದು 1937ರಲ್ಲಿ, ಸಾಗರದಲ್ಲಿ. ಮನೆಮಾತು ಕೊಂಕಣಿ. ತಂದೆ ಶಾಲಾ ಮಾಸ್ತರರು. ಮಕ್ಕಳಿಗೆ ಕಲಿಸಲೆಂದು ತಂದೆ ಬರೆದಿಟ್ಟುಕೊಂಡಿದ್ದ ಶಿಶುಗೀತೆಗಳು, ತಾಯಿ ಹೇಳುತ್ತಿದ್ದ ಕಥೆಗಳು ಅವರ ಮೊದಲ ಪಾಠಗಳಾದವು. ಮುಂದೆ ಲೋಕೋಪಯೋಗಿ ಇಲಾಖೆಯನ್ನು ಸೇರಿ, ಶರಾವತಿ ಯೋಜನೆಯ ಕಚೇರಿಯಲ್ಲಿ ದುಡಿದರು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನ ಕೆಳಗೆ ಹೋಯಿತು. ಗದ್ದೆ, ತೋಟ, ದೇವಸ್ಥಾನ, ಹಿರಿಯರನ್ನು ಮಣ್ಣು ಮಾಡಿದ ಜಾಗ, ಎಲ್ಲವನ್ನೂ ಬಿಟ್ಟು ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿದವು.

ಯೋಜನೆಯ ಕಚೇರಿಗೆ ಇದೆಲ್ಲ ಅಡಿಗಳ, ಎಕರೆಗಳ, ಪರಿಹಾರಧನದ ಲೆಕ್ಕ. ಆ ಕಚೇರಿಯಲ್ಲಿ ಡಿಸೋಜರಂತೆ ದುಡಿದವರು ಇನ್ನೂ ಎಷ್ಟೋ ಮಂದಿ. ಅದೇ ಕಡತಗಳು ಅವರೆಲ್ಲರ ಕೈಯಲ್ಲೂ ಹಾದುಹೋಗಿರಬೇಕು. ಡಿಸೋಜರು ಮಾತ್ರ ಅಂಕಿಯ ಹಿಂದಿನ ಮನೆಯ ಬಾಗಿಲನ್ನು ತಟ್ಟಿದರು. ಸ್ಫೂರ್ತಿ ಎಲ್ಲರ ಮೇಜಿನ ಮೇಲೂ ಇರುತ್ತದೆ. ಅದನ್ನು ಓದುವ ಕಣ್ಣು ಎಲ್ಲರಲ್ಲೂ ಇರುವುದಿಲ್ಲ.

ಆದರೆ ಕಣ್ಣೊಂದಿದ್ದರೆ ಸಾಲದು. ಕಂಡದ್ದನ್ನು ಕೃತಿಯಾಗಿಸುವ ಕಸುಬು ಬೇಕು. ‘ದ್ವೀಪ’ವನ್ನು ಮತ್ತೆ ಓದುವಾಗ ನನ್ನ ಗಮನ ಸೆಳೆದದ್ದು ಲೇಖಕರ ಸಂಯಮ. ಅವರ ಎದುರಿಗಿದ್ದದ್ದು ಒಂದು ಕಣಿವೆಯ ಸಂಕಟ. ಅದನ್ನೆಲ್ಲ ಒಂದೇ ಪುಸ್ತಕದಲ್ಲಿ ತುಂಬುವ ಆಸೆಗೆ ಅವರು ಬೀಳಲಿಲ್ಲ. ಸೀತಾಪರ್ವತದ ಮಡಿಲಿನ ಒಂದು ಮನೆ, ಗಣಪಯ್ಯ, ಅವನ ಹೆಂಡತಿ ನಾಗವೇಣಿ, ಅವಳ ತವರಿನ ಕಡೆಯಿಂದ ನೆರವಿಗೆ ಬರುವ ಕೃಷ್ಣಯ್ಯ, ಮತ್ತು ಏರುತ್ತಲೇ ಇರುವ ನೀರು. ಕಚೇರಿಯ ಲೆಕ್ಕದಲ್ಲಿ ಮುಳುಗುವ ನೆಲಕ್ಕೊಂದು ಕಲಂ, ಮುಳುಗದ ನೆಲಕ್ಕೊಂದು ಕಲಂ. ಮುಳುಗದೆ ಉಳಿದರೂ ಬದುಕಲಾಗದ ನೆಲವನ್ನು ಯಾವ ಕಲಮಿನಲ್ಲಿ ಬರೆಯುವುದು? ಆ ಪ್ರಶ್ನೆಯೊಳಗೆ ಕಾದಂಬರಿ ಹುಟ್ಟಿದೆ.

ನೀರು ಹೊರಗೆ ಏರಿದಂತೆ ಮನೆಯೊಳಗೆ ಅನುಮಾನ ಏರುತ್ತದೆ. ಗಂಡ ಹೆಂಡಿರ ನಡುವಿನ ನಂಬಿಕೆಯ ನೆಲ ದಿನದಿನವೂ ಕರಗುತ್ತದೆ. ಅಣೆಕಟ್ಟಿನ ಬಗ್ಗೆ ಲೇಖಕರು ದೀರ್ಘ ಭಾಷಣ ಮಾಡಬೇಕಾಗಿಯೇ ಇಲ್ಲ. ನೆರೆಹೊರೆ ಖಾಲಿಯಾದ ಮೇಲೆ ಮನುಷ್ಯ ತನ್ನವರನ್ನೇ ಹೇಗೆ ಕಳೆದುಕೊಳ್ಳುತ್ತಾನೆ ಎಂಬುದನ್ನು ತೋರಿಸಿದರೆ ಸಾಕು, ಓದುಗನ ಎದೆಯಲ್ಲಿ ಉಳಿದದ್ದು ತಾನಾಗಿ ಮೂಡುತ್ತದೆ.

ಇನ್ನೊಂದು ಸಂಗತಿಯನ್ನು ನಾವು, ವಿಶೇಷವಾಗಿ ಧರ್ಮಕೇಂದ್ರದ ಕುಟುಂಬಗಳವರು, ಗಮನಿಸಬೇಕು. ಗಣಪಯ್ಯನ ಮನೆ ಡಿಸೋಜರ ಮನೆಯಂಥದ್ದಲ್ಲ. ಅಲ್ಲಿನ ಮಾತು ಬೇರೆ, ಪೂಜೆ ಬೇರೆ, ಅಡುಗೆ ಬೇರೆ. ಆದರೂ ಆ ಮನೆಯೊಳಗೆ ಲೇಖಕರು ಅತಿಥಿಯಂತೆ ಸಂಕೋಚದಿಂದ ನಿಂತಿಲ್ಲ. ಅದೇ ಲೇಖಕರು ‘ಇಗರ್ಜಿಯ ಸುತ್ತಲಿನ ಹತ್ತಾರು ಮನೆಗಳು’ ಕಾದಂಬರಿಯಲ್ಲಿ ಮಲೆನಾಡಿನ ಕೊಂಕಣಿ ಕ್ರೈಸ್ತರ ಬದುಕನ್ನು ಬರೆದರು. ತನ್ನವರನ್ನು ಹೊಗಳುವುದಕ್ಕೂ ಅನ್ಯರನ್ನು ಕನಿಕರಿಸುವುದಕ್ಕೂ ಅವರು ಲೇಖನಿ ಹಿಡಿಯಲಿಲ್ಲ. ನಮ್ಮಲ್ಲಿ ಬರೆಯುವ ಎಳೆಯರಿಗೆ ‘ನಮ್ಮ ವಿಷಯವನ್ನೇ ಬರೆ’ ಎಂದು ಕಿವಿಮಾತು ಹೇಳುವ ಹಿರಿಯರುಂಟು. ಅವರು ಈ ಎರಡು ಕೃತಿಗಳನ್ನು ಜೊತೆಗಿಟ್ಟು ಓದಲಿ. ನೆರೆಮನೆಯ ನೋವನ್ನು ಕಾಣಬಲ್ಲವನಷ್ಟೇ ತನ್ನ ಮನೆಯ ಸತ್ಯವನ್ನೂ ಹೇಳಬಲ್ಲ.

ಒಬ್ಬರ ಕೃತಿ ಮತ್ತೊಬ್ಬರಿಗೆ ಸ್ಫೂರ್ತಿಯಾಗುವ ಬಗೆಗೂ ‘ದ್ವೀಪ’ ಸಾಕ್ಷಿ. ಗಿರೀಶ ಕಾಸರವಳ್ಳಿಯವರು ಇದನ್ನಾಧರಿಸಿ ನಿರ್ದೇಶಿಸಿದ ಚಲನಚಿತ್ರ 2002ರಲ್ಲಿ ತೆರೆಗೆ ಬಂತು. ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ಸೌಂದರ್ಯ ಅದರ ನಿರ್ಮಾಪಕಿಯೂ ಹೌದು, ನಾಗಿಯ ಪಾತ್ರಧಾರಿಯೂ ಹೌದು. ಕಾಸರವಳ್ಳಿಯವರು ಕಾದಂಬರಿಯನ್ನು ಪುಟಪುಟವಾಗಿ ನಕಲು ಮಾಡಲಿಲ್ಲ. ಮಳೆಯೊಳಗೆ ಒಬ್ಬಂಟಿಯಾಗಿ ಹೆಣಗಿ ಮನೆಯನ್ನು ಉಳಿಸುವ ನಾಗಿಯನ್ನು ನಡುವೆ ನಿಲ್ಲಿಸಿದರು. ಕೊನೆಗೆ ಗಂಡ ಆ ಕೃಪೆಯನ್ನೆಲ್ಲ ದೇವರಿಗೆ ಸಲ್ಲಿಸುತ್ತಾನೆ. ಅವಳ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ದೇವರಿಗೆ ಸ್ತೋತ್ರ ಸಲ್ಲಿಸುವಾಗ ಅಡುಗೆಮನೆಯಲ್ಲಿ ದುಡಿದ ಕೈಗಳನ್ನು ಮರೆಯುವ ನಮ್ಮ ಅಭ್ಯಾಸಕ್ಕೆ ಆ ದೃಶ್ಯ ಕನ್ನಡಿ ಹಿಡಿಯುತ್ತದೆ. ಉತ್ತಮ ಶಿಷ್ಯ ಗುರುವಿನ ಮಾತನ್ನು ಪುನರುಚ್ಚರಿಸುವುದಿಲ್ಲ. ಗುರು ಅರ್ಧ ತೆರೆದ ಬಾಗಿಲನ್ನು ಪೂರ್ತಿ ತೆರೆಯುತ್ತಾನೆ.

ಡಿಸೋಜರ ಬರವಣಿಗೆಯೆಲ್ಲ ಒಂದೇ ಎತ್ತರದಲ್ಲಿದೆ ಎಂದು ನಾನು ಹೇಳಲಾರೆ. ಅವರು ಬರೆದದ್ದು ಬಹಳ. ಕೆಲವೆಡೆ ಹೇಳಬೇಕಾದ ವಿಷಯ ಮುಂದೆ ಓಡಿ, ಪಾತ್ರಗಳು ಹಿಂದುಳಿಯುತ್ತವೆ. ಆದರೆ ಈ ಮಿತಿಯೂ ಕಲಿಯುವವರಿಗೆ ಪಾಠವೇ. ‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಎಂದು ಅವರು ಒಂದೇ ನೀರಿನ ದಡಕ್ಕೆ ಮತ್ತೆ ಮತ್ತೆ ಬಂದರು. ಮಕ್ಕಳಿಗಾಗಿ ಬರೆದಾಗಲೂ ಬಂದದ್ದು ಅಲ್ಲಿಗೇ. ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಒಂದೇ ಹೊಲವನ್ನು ವರ್ಷವರ್ಷವೂ ಉಳುವ ರೈತನಂತೆ ಅವರು ಕಸುಬನ್ನು ಬೆಳೆಸಿಕೊಂಡರು. ಪ್ರತಿ ವರ್ಷದ ಫಸಲು ಒಂದೇ ಸಮ ಬಾರದು. ಹಾಗೆಂದು ರೈತ ನೇಗಿಲನ್ನು ಅಟ್ಟಕ್ಕೇರಿಸುವುದಿಲ್ಲ. ಪ್ರತಿಭೆ ದೇವರು ಕೊಟ್ಟ ತಲಾಂತು ನಿಜ. ಆದರೆ ಹೂತಿಟ್ಟ ತಲಾಂತಿನ ಗತಿ ಏನಾಯಿತೆಂಬ ಸಾಮತಿಯನ್ನು ನಾವೆಲ್ಲರೂ ಬಲ್ಲೆವು.

ತನಗೆ ವಸ್ತು ಕೊಟ್ಟ ನೆಲದ ಋಣವನ್ನೂ ಅವರು ಮರೆಯಲಿಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ತರುವ ಪ್ರಸ್ತಾಪ ಕೇಳಿಬಂದಾಗ, 82ರ ವಯಸ್ಸಿನ ಡಿಸೋಜರು ವಿರೋಧದ ಮುಂಚೂಣಿಯಲ್ಲಿ ನಿಂತರು. 2025ರ ಜನವರಿ 5ರಂದು ಮಂಗಳೂರಿನಲ್ಲಿ ತೀರಿಕೊಂಡರು. ಶರಾವತಿಯ ವಿದ್ಯುತ್ತಿನಿಂದ ಈ ನಗರದ ದೀಪಗಳು ಉರಿದಿವೆ, ಯಂತ್ರಗಳು ತಿರುಗಿವೆ. ಮಲೆನಾಡು ದೂರವೆಂದು ನಮ್ಮ ಬೀದಿಯ ಹುಡುಗಿ ಅಂದುಕೊಂಡಿದ್ದಳು. ಅವಳ ನೋಟುಪುಸ್ತಕದ ಮೇಲೆ ಬಿದ್ದ ಬೆಳಕಿನಲ್ಲಿ ಮುಳುಗಿದ ಊರುಗಳ ಪಾಲೂ ಇದೆ.

ಪುಸ್ತಕ ಹಿಂತಿರುಗಿಸುವಾಗ ಅವಳು ಹೆಚ್ಚು ಮಾತನಾಡಲಿಲ್ಲ. ಹೊರಡುವ ಮುನ್ನ ಒಂದು ವಿಷಯ ಹೇಳಿದಳು. ಕಾಲೇಜಿನಿಂದ ಬರುವಾಗ ಯಾರಾದರೊಬ್ಬರು ಕಿದ್ವಾಯಿ ಆಸ್ಪತ್ರೆಗೋ ನಿಮ್ಹಾನ್ಸ್‌ಗೋ ದಾರಿ ಕೇಳುತ್ತಾರಂತೆ. ಕಂಕುಳಲ್ಲಿ ಎಕ್ಸ್‌ರೇ ಕವರು, ಕೈಯಲ್ಲಿ ಬುತ್ತಿಯ ಚೀಲ, ಬಾಯಲ್ಲಿ ಬೀದರದ ಕನ್ನಡವೋ ಬಳ್ಳಾರಿಯ ಕನ್ನಡವೋ. ಇಷ್ಟು ದಿನ ಅವಳು ಕೈತೋರಿಸಿ ಮುಂದೆ ಹೋಗುತ್ತಿದ್ದಳು. ಅಂದು ಒಬ್ಬ ಅಜ್ಜಿಯ ಜೊತೆ ಆಸ್ಪತ್ರೆಯ ಗೇಟಿನವರೆಗೂ ನಡೆದು ಹೋಗಿ ಬಂದಿದ್ದಳು.

ಅವಳು ಬರೆದಳೋ ಇಲ್ಲವೋ ನಾನು ಕೇಳಿಲ್ಲ. ಓದುಗರೇ, ನಿಮ್ಮ ಮನೆಯಲ್ಲೂ ಬರೆಯುವ, ಹಾಡುವ, ಚಿತ್ರ ಬಿಡಿಸುವ ಮಕ್ಕಳಿರಬಹುದು. ಸ್ಫೂರ್ತಿಗಾಗಿ ಅವರನ್ನು ದೂರ ಕಳುಹಿಸುವ ಮುನ್ನ, ದಾರಿ ಕೇಳುವವರೊಡನೆ ನಾಲ್ಕು ಹೆಜ್ಜೆ ನಡೆಯಲು ಬಿಡಿ.